ನುಂಗಿದ ಅಕ್ಷರ

ನಾನು ಹಾಡಿದ್ದು 'ಕೇಳು' ಎಂದು. ಲಂಬು ಎದ್ದು ನಿಂತ.

ಆರಡಿ ಮೀರಿದ ಮನುಷ್ಯ, ಬೇಸ್ ಗಿಟಾರನ್ನು ಹೊಟ್ಟೆಗೆ ಒತ್ತಿಕೊಂಡು, ಮೇಷ್ಟ್ರು ಹಾಜರಿ ಕೂಗಿದಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತುಬಿಟ್ಟ. ಹಾಡು ಅಲ್ಲಿಗೇ ಕಟ್ಟಾಯಿತು.

"ಏನಾಯ್ತೋ ನಿಂಗೆ?" ಎಂದರು ಡಾಕ್ಟರು. ಅವರು ವಾರವೆಲ್ಲ ಜನರ ಹಲ್ಲು ಕೀಳುತ್ತಾರೆ, ಭಾನುವಾರ ಗಿಟಾರ್ ನುಡಿಸುತ್ತಾರೆ.

"ಮತ್ತೆ ಅವರು 'ಏಳು, ಒಮ್ಮೆ ಏಳು' ಅಂತಿದಾರಲ್ಲ. ಒಂದ್ಸಲ ಅಲ್ಲ, ನಾಕು ಸಲ. ಹೆಣ್ಣುಮಗಳು ಅಷ್ಟು ಹೇಳಿದ್ಮೇಲೂ ಕೂತಿದ್ರೆ ಚೆನ್ನಾಗಿರಲ್ಲ ಅಂತ ಎದ್ದೆ."

ಡಾಕ್ಟರು ನಗು ತಡೆಯಲಾರದೆ ಕೆಮ್ಮಿದರು. ನನ್ನ ಕಿವಿ ಬಿಸಿಯಾಯಿತು. ಡ್ರಮ್ಸ್ ಹಿಂದೆ ಕೂತಿದ್ದವನ ಕಡೆ ನೋಡಿದೆ. ಅವನು ನಗುತ್ತಿರಲಿಲ್ಲ. ಡ್ರಮ್ ಕೋಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೆಲ ನೋಡುತ್ತಿದ್ದ. ತಪ್ಪು ತನ್ನದೆಂದು ಅವನಿಗೆ ಗೊತ್ತಿತ್ತು.

ಹೇಳಿಬಿಡುತ್ತೇನೆ. ಆರು ವರ್ಷದಿಂದ ನಾನು ಸ್ಟುಡಿಯೋಗಳಲ್ಲಿ ಹಾಡುತ್ತಿದ್ದೇನೆ. ನನ್ನ ದನಿಯನ್ನು ನೀವು ಕೇಳಿರುತ್ತೀರಿ, ನನ್ನದೆಂದು ಗೊತ್ತಿರುವುದಿಲ್ಲ, ಅಷ್ಟೇ. ಹೆಸರಾಂತ ಗಾಯಕಿ, ನಾವೆಲ್ಲ ಮೇಡಂ ಎನ್ನುವವರು, ಬಂದು ಹಾಡಿ ಹೋದ ಮೇಲೆ, ಅದೇ ಸಾಲುಗಳನ್ನು ಅವರ ದನಿಯ ಅಡಿಯಲ್ಲಿ ನಾನು ಇನ್ನೊಮ್ಮೆ ಹಾಡುತ್ತೇನೆ. ಆಗ ಅವರ ದನಿ ಮೈತುಂಬಿಕೊಂಡ ಹಾಗೆ ಕೇಳುತ್ತದೆ. ಈ ಕೆಲಸಕ್ಕೆ ಡಬಲ್ ಎನ್ನುತ್ತಾರೆ. ಬರಬರುತ್ತಾ ನನ್ನ ಹೆಸರೂ ಅದೇ ಆಯಿತು. "ಡಬಲ್ ಬಂದ್ರಾ? ಡಬಲ್‌ಗೆ ಟೀ ಆಯ್ತಾ?"

ಇದರಲ್ಲಿ ಒಂದು ಗುಟ್ಟಿದೆ. ಕ, ತ, ಪ, ಬ ಇಂಥ ಗಟ್ಟಿ ಅಕ್ಷರಗಳನ್ನು ಇಬ್ಬರೂ ಉಚ್ಚರಿಸಿದರೆ, ಕೂದಲೆಳೆಯಷ್ಟು ಹಿಂದೆಮುಂದಾದರೂ ಟಕಟಕ ಎಂದು ಎರಡೆರಡು ಸಲ ಕೇಳುತ್ತದೆ. ಅದಕ್ಕೇ ಡಬಲ್ ಹಾಡುವವಳು ಪದದ ಮೊದಲ ಗಟ್ಟಿ ಅಕ್ಷರವನ್ನು ನುಂಗಬೇಕು. 'ಕನಸು' 'ಅನಸು' ಆಗಬೇಕು. 'ಪ್ರೀತಿ' 'ರೀತಿ' ಆಗಬೇಕು. ಅಕ್ಷರ ಮೇಡಂದು, ಉಳಿದದ್ದು ನನ್ನದು.

ಹೀಗೆ ನುಂಗುವುದನ್ನು ನನಗೆ ಕಲಿಸಿದವನು ಗಾಜಿನ ಆಚೆ ಕೂರುವ ರೆಕಾರ್ಡಿಂಗ್ ಎಂಜಿನಿಯರ್. ಗುಂಡಿ ಒತ್ತಿ ನನ್ನ ಹೆಡ್‌ಫೋನಿನಲ್ಲಿ, "ಒನ್ಸ್ ಮೋರ್. 'ಕ' ಕೇಳಿಸ್ತು. ಇನ್ನೂ ಮೆತ್ತಗೆ" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಅವನ ಹೆಸರೇ ಒನ್ಸ್ ಮೋರ್. ಟೇಕ್ ಚೆನ್ನಾಗಿ ಬಂದರೆ ಬಾಯಿ ಬಿಟ್ಟು ಹೇಳುವವನಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ನಾನು ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ, ಒರೆಸುವಷ್ಟು ಹೊತ್ತೂ ಅವನನ್ನೇ ನೋಡುತ್ತಿದ್ದೆ. ಆರು ವರ್ಷದಲ್ಲಿ ಒಟ್ಟು ಎಷ್ಟು ಹೊತ್ತು ನೋಡಿರಬಹುದು! ನಾಚಿಕೆಯಾಗುತ್ತದೆ.

ಈಚೆಗೆ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಮೈಕಿನ ಮುಂದೆ ಕಾಲು ಅದುರುತ್ತಿತ್ತು. ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಸುತ್ತುತ್ತಿದ್ದೆ. "ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ನೋಡಿ ನೋಡಿ ನನಗೆ ತಲೆ ಸುತ್ತುತ್ತೆ" ಎಂದು ಅತ್ತಿಗೆ ಹೊಲಿಗೆ ಯಂತ್ರ ನಿಲ್ಲಿಸಿ ಬೈಯುತ್ತಿದ್ದಳು. ಏನು ಬೇಕೆಂದು ಕೇಳಿದರೆ ನನಗೇ ಗೊತ್ತಿರಲಿಲ್ಲ.

ಅಂಥ ಒಂದು ದಿನ ಒನ್ಸ್ ಮೋರ್ ಸ್ಟುಡಿಯೋದ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದ.

"ಭಾನುವಾರ ನಾನು ಡ್ರಮ್ಸ್ ಬಾರಿಸ್ತೀನಿ. ರಾಕ್ ಬ್ಯಾಂಡು. ನಮ್ಮ ಹಾಡೋನು ಬಿಟ್ಟುಹೋದ. ನೀವು ಬರ್ತೀರಾ? ಜೋರಾಗಿ ಹಾಡ್ಬೇಕು."

"ಜೋರಾಗಿ ಅನ್ನೋ ಪದ ನಿಮಗೂ ಗೊತ್ತಾ?" ಎಂದೆ. ಅವನು ಕನ್ನಡಕ ಒರೆಸತೊಡಗಿದ.

ಹಾಗೆ ನಾನು ಈ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆಗೆ ಬಂದದ್ದು. ಭಾನುವಾರ ಪ್ರೆಸ್ಸಿಗೆ ರಜೆ. ಸುತ್ತ ಕಾಗದದ ಬಂಡಲುಗಳು, ಶಾಯಿಯ ವಾಸನೆ. ಅವನೇ ಬರೆದ ಹಾಡು, ಪಲ್ಲವಿಯ ತುಂಬ 'ಕೇಳು'. ಎರಡನೆಯ ಸಲವೂ ನನ್ನ ಬಾಯಿಂದ 'ಏಳು' ಎಂದೇ ಬಂತು.

"ನುಂಗ್ಬೇಡ!" ಎಂದು ಅವನು ಡ್ರಮ್ಸ್ ಹಿಂದಿನಿಂದ ಕೂಗಿದ. "ಉಗಿ ಅದನ್ನ! ನಿಂಗೆ ಗಂಟಲಿಲ್ವಾ?"

ಆರು ವರ್ಷದ 'ನೀವು' ಒಂದೇ ಏಟಿಗೆ ಹೋಗಿತ್ತು.

"ಓಹೋ, ಏಕವಚನ!" ಎಂದ ಲಂಬು.

ಅವನು ಕೆಂಪಾದ. ನಾನು ಮೈಕ್ ಹಿಡಿದುಕೊಂಡು, "ಗಂಟಲಿದೆ. ನೀನು ಬಾರಿಸು" ಎಂದೆ. ನಾನೂ 'ನೀನು' ಅಂದುಬಿಟ್ಟಿದ್ದೆ. ಖುಷಿ, ಇನ್ನೇನು!

ನಾಲ್ಕು ಭಾನುವಾರ ಹಾಡಿದೆ. ಜೋರಾಗಿ ಹಾಡುವಾಗ ಅಕ್ಷರಗಳು ಒಂದೊಂದಾಗಿ ಹೊರಗೆ ಬಂದವು. ಆದರೆ ಮೆತ್ತಗೆ ಮಾತಾಡುವಾಗ ಹಳೇ ಚಾಳಿ ಇಣುಕುತ್ತಿತ್ತು. ಒಂದು ಕಾಲೇಜಿನ ಬಯಲು ರಂಗಮಂದಿರದಲ್ಲಿ ನಮ್ಮ ಮೊದಲ ಶೋ ನಿಗದಿಯಾಯಿತು, ಭಾನುವಾರ ಸಂಜೆ ನಾಲ್ಕಕ್ಕೆ.

ಅದೇ ವಾರ ಮೇಡಂ ಫೋನ್ ಮಾಡಿದರು. ಅವರ ದೊಡ್ಡ ಪ್ರವಾಸ, ಇಡೀ ಒಂದು ವರ್ಷ. ವೇದಿಕೆಯ ಪಕ್ಕದಲ್ಲಿ ಕರಿ ಪರದೆ, ಪರದೆಯ ಹಿಂದೆ ನಾನು. "ನೀನಿಲ್ಲದೆ ಆಗಲ್ಲ ಕಣೇ. ಭಾನುವಾರ ಸಂಜೆಯೊಳಗೆ ಹೇಳು." ಅಣ್ಣನಿಗೆ ಸ್ವರ್ಗ ಮೂರೇ ಗೇಣು. ಅತ್ತಿಗೆ ಮಾತ್ರ ನನ್ನ ಮುಖ ನೋಡಿ ಹೊಲಿಗೆ ಯಂತ್ರದ ಕಡೆ ತಿರುಗಿದಳು.

ಬುಧವಾರ ಮಧ್ಯಾಹ್ನ, ಸ್ಟುಡಿಯೋದ ಹಿಂದಿನ ಮೆಟ್ಟಿಲ ಮೇಲೆ ಅವನೂ ನಾನೂ ಟೀ ಕುಡಿಯುತ್ತಾ ಕೂತಿದ್ದೆವು.

"ಹೋಗ್ತೀಯಾ?"

"ಅಣ್ಣ ಹೋಗು ಅಂತಾನೆ."

"ಒಳ್ಳೆ ಅವಕಾಶ."

"ಬ್ಯಾಂಡು?"

"ಬೇರೆ ಯಾರನ್ನಾದ್ರೂ ನೋಡ್ಕೋತೀವಿ."

ಬೇರೆ ಯಾರನ್ನಾದರೂ! ಲೋಟವನ್ನು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಹೋಗಬೇಡ ಎಂದು ಅವನು ಒಂದು ಮಾತು ಕೇಳಲಿ, ಸಾಕು. ಅವನ ಕೈ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ, ಲೋಟದ ಕಡೆ ನೋಡುತ್ತಾ, ಮೆತ್ತಗೆ ಒಂದೇ ಪದ ಹೇಳಿದೆ. ಕೇಳು.

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಲೋಟ ಕೆಳಗಿಟ್ಟ. ಎದ್ದ. ಪ್ಯಾಂಟಿನ ಧೂಳು ಕೊಡವಿಕೊಂಡು ಒಳಗೆ ಹೋಗಿಬಿಟ್ಟ.

ಆಮೇಲಿನ ಮೂರು ದಿನ ನಾನು ಮನೆಯಲ್ಲಿ ನಡೆದ ದೂರಕ್ಕೆ ಮೇಡಂ ಪ್ರವಾಸವೇ ಮುಗಿಯುತ್ತಿತ್ತು. ಎತ್ತಿಕೊಂಡ ಪಾತ್ರೆ ಇಡಲು ಮರೆತೆ, ಬಾಚಿದ ತಲೆಯನ್ನೇ ಮತ್ತೆ ಬಾಚಿದೆ. ಕೊನೆಗೆ ಅತ್ತಿಗೆ ನನ್ನನ್ನು ಬಟ್ಟೆ ರಾಶಿಯ ಪಕ್ಕ ಎಳೆದು ಕೂರಿಸಿ ಎಲ್ಲಾ ಹೇಳಿಸಿದಳು.

"ಕೇಳು ಅಂದ್ರೆ ಎದ್ದು ಹೋದ್ನಾ? ಎಂಥಾ ಮನುಷ್ಯನೇ ಅವನು!"

"ಕಲ್ಲು."

"ಹಾಗಾದ್ರೆ ಹೋಗು ನೀನು, ಊರೂರು ಸುತ್ತಿ ಬಾ" ಎಂದು ನನ್ನ ತಲೆ ಸವರಿದಳು. ಆಗ ಅಳು ಬಂತು. ಭಾನುವಾರ ಶೋ ಮುಗಿಸಿ ಮೇಡಂಗೆ ಹೂಂ ಎಂದುಬಿಡುವುದು ಎಂದು ತೀರ್ಮಾನಿಸಿದೆ.

ಭಾನುವಾರ ಎರಡೂವರೆಗೆ ಸೌಂಡ್ ಚೆಕ್. ಅವನು ನನ್ನ ಮೈಕಿನ ಸ್ಟ್ಯಾಂಡ್ ಸರಿಮಾಡಲು ಬಂದ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆಗಲಿ ಎಂದುಕೊಂಡೆ.

"ನಾನೇ ಮಾಡ್ಕೋತೀನಿ. ನೀವೇನೂ ತೊಂದ್ರೆ ತಗೋಬೇಡಿ."

"ನೀವಾ?"

"ಕೇಳು ಅಂದಾಗ ಎದ್ದು ಹೋದೋರನ್ನ ಇನ್ನೇನನ್ಬೇಕು?"

ಅವನ ಕೈ ಸ್ಟ್ಯಾಂಡಿನ ಮೇಲೇ ನಿಂತಿತು. "ಏನಂದೆ ಅವತ್ತು?"

"ಕೇಳು ಅಂದೆ!"

ಈ ಸಲ 'ಕ' ಸ್ಪೀಕರಿನಲ್ಲಿ ಹಾದು ಖಾಲಿ ಕಲ್ಲುಮೆಟ್ಟಿಲುಗಳಿಗೆ ಬಡಿದು ಬಂತು. ಮೈಕ್ ಆನ್ ಇತ್ತು. ದೂರದಲ್ಲಿ ಲಂಬು ಕಿವಿ ಮುಚ್ಚಿಕೊಂಡ.

"ನಂಗೆ 'ಏಳು' ಅಂತ ಕೇಳಿಸ್ತು," ಎಂದ ಅವನು, ಮಗುವಿನ ಮುಖ ಮಾಡಿಕೊಂಡು. "ಬೇರೆ ಯಾರನ್ನಾದ್ರೂ ನೋಡ್ಕೋತೀವಿ ಅಂತ ಬಾಯಿ ತಪ್ಪಿ ಅಂದಿದ್ನಲ್ಲ. ನಿಂಗೆ ಕೋಪ ಬಂದು, ಏಳು ಇಲ್ಲಿಂದ ಅಂತಿದೀಯ ಅಂದ್ಕೊಂಡೆ. ನಾಕು ದಿನದಿಂದ ನಿದ್ದೆ ಮಾಡಿಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು. ಮೈಕ್ ಆಫ್ ಮಾಡಿದೆ.

"ಮತ್ತೆ ಯಾಕೆ ಹೋಗಬೇಡ ಅನ್ನಲಿಲ್ಲ?"

"ಯಾವ ಮುಖ ಇಟ್ಕೊಂಡು ಅನ್ನಲಿ? ಆರು ವರ್ಷ ನಿನ್ನ ದನಿ ಅಡಗಿಸಿಟ್ಟೋನು ನಾನೇ ಅಲ್ವಾ." ಸ್ಟ್ಯಾಂಡಿನ ತಿರುಪು ಬಿಗಿಮಾಡಿ, "ಈಗ ಕೇಳಲಾ?" ಎಂದ.

ನಾಲ್ಕು ದಿನದಿಂದ ಇದೇ ಮಾತಿಗೆ ಪ್ರಾಣ ಬಿಡುತ್ತಿದ್ದೆ. ಆದರೆ ಈಗ ಅವನು ಕೇಳಿ, ನಾನು ಹೂಂ ಎಂದು ನಿಂತರೆ, ಅದೂ ಇನ್ನೊಬ್ಬರ ಸಾಲಿನ ಅಡಿಯಲ್ಲಿ ಹಾಡಿದ ಹಾಗೇ ಆಗುತ್ತದೆ ಅನ್ನಿಸಿತು.

"ಬೇಡ," ಎಂದೆ. "ಮೊದಲು ಹಾಡಿ ನೋಡ್ತೀನಿ. ಆಮೇಲೆ ನಾನೇ ಹೇಳ್ತೀನಿ."

ಅವನು ತಲೆಯಾಡಿಸಿ ಡ್ರಮ್ಸ್ ಕಡೆ ಹೋದ. ಎರಡು ಸಲ ತಿರುಗಿ ನೋಡಿದ. ನಾನೂ ಎಣಿಸಿದೆ.

ನಾಲ್ಕಕ್ಕೆ ಮೆಟ್ಟಿಲುಗಳು ಅರ್ಧ ತುಂಬಿದ್ದವು. ಬಿಸಿಲು ಅವರ ಮೇಲೆ ಬಿದ್ದು ಎಲ್ಲ ಮುಖಗಳೂ ಕಾಣುತ್ತಿದ್ದವು. ಹೆಡ್‌ಫೋನಿನಲ್ಲಿ ಯಾವ ಗಾಯಕಿಯೂ ನನಗಿಂತ ಮುಂಚೆ ಹಾಡುತ್ತಿರಲಿಲ್ಲ. ಅವನ ಕೋಲು ನಾಲ್ಕು ಎಣಿಸಿತು. ನಾನು ಬಾಯಿ ತೆರೆದೆ. ಮೊದಲ ಅಕ್ಷರ ಹೊರಬಿದ್ದ ಕ್ಷಣ, ಫೋನ್ ನೋಡುತ್ತಿದ್ದವರು ತಲೆಯೆತ್ತಿದರು. ಮೂರನೆಯ ಹಾಡಿನಲ್ಲಿ ದನಿ ಒಡೆಯಿತು. ಸ್ಟುಡಿಯೋ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಇಲ್ಲಿ ನಿಲ್ಲಿಸುವವರು ಯಾರೂ ಇರಲಿಲ್ಲ, ಒಡೆದ ದನಿಯಲ್ಲೇ ಮುಂದಕ್ಕೆ ಹೋದೆ. ಹಿಂದಿನಿಂದ ಡ್ರಮ್ಸ್ ನನ್ನ ಜೊತೆಗೇ ಓಡಿ ಬಂತು. ಇಷ್ಟು ತಿಂಗಳ ಚಡಪಡಿಕೆಗೆಲ್ಲ ಓಡಲು ಒಂದು ದಾರಿ ಸಿಕ್ಕಿತ್ತು. ಹಾಡು ಮುಗಿದಾಗ ಮೇಲಿನ ಮೆಟ್ಟಿಲಿಂದ ಯಾರೋ ಗಂಟಲು ಕಿತ್ತುಹೋಗುವಂತೆ ಕೂಗಿದರು, "ಒನ್ಸ್ ಮೋರ್!"

ನಾನು ತಿರುಗಿ ನೋಡಿದೆ. ಅವನು ಕನ್ನಡಕ ತೆಗೆದಿದ್ದ. ಒರೆಸುತ್ತಿರಲಿಲ್ಲ, ನಗುತ್ತಿದ್ದ.

ಶೋ ಮುಗಿದಾಗ ಇನ್ನೂ ಬಿಸಿಲಿತ್ತು. ವೇದಿಕೆಯ ಹಿಂದೆ ಅವನು ಡ್ರಮ್ಸ್ ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದ. ಏನೂ ಕೇಳಲಿಲ್ಲ. ಕೇಳುವುದಿಲ್ಲ ಎಂದು ಮಾತು ಕೊಟ್ಟವನ ಹಾಗೆ ತುಟಿ ಬಿಗಿಹಿಡಿದಿದ್ದ. ನಾನು ಅವನ ಪಕ್ಕದಲ್ಲೇ ನಿಂತು ಮೇಡಂಗೆ ಫೋನ್ ಮಾಡಿದೆ.

"ಮೇಡಂ, ನಾನು ಬರ್ತಿಲ್ಲ."

ಕೆಟ್ಟವರಲ್ಲ ಅವರು. "ಯೋಚನೆ ಮಾಡಿದ್ಯೇನೇ? ಆಮೇಲೆ ಬಾ ಅಂದ್ರೆ ಜಾಗ ಇರಲ್ಲ. ಆ ಸ್ಟುಡಿಯೋ ಎಂಜಿನಿಯರ್ ಹುಡುಗನಿಗೋಸ್ಕರ ತಾನೇ ಇದೆಲ್ಲಾ? ನಂಗೂ ಕಿವಿಗೆ ಬಿದ್ದಿದೆ."

"ಅಲ್ಲ ಮೇಡಂ, ನನಗೋಸ್ಕರ," ಎಂದೆ. "ಅವನೂ ಬೇಕು. ಅದು ಬೇರೆ ವಿಷಯ."

ಪಕ್ಕದಲ್ಲಿ ಡ್ರಮ್ಸಿನ ಕಂಚಿನ ತಾಳ ಅವನ ಕೈಜಾರಿ ಕಲ್ಲುನೆಲದ ಮೇಲೆ ಬಿದ್ದು, ಉರುಳಿ, ಸುತ್ತಿ, ಬಹಳ ಹೊತ್ತು ಝಣಗುಟ್ಟಿತು.

"ಅಯ್ಯೋ, ಅದೇನೇ ಸದ್ದು?" ಎಂದರು ಮೇಡಂ.

"ಅವನೇ ಮೇಡಂ," ಎಂದೆ.