ಟ್ಯಾಂಕಿನ ನೀರು, ಕ್ಯಾನಿನ ನೀರು

ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಕಸದ ಗಾಡಿ ಬಂತು. ಮೇಲಿನ ಮನೆಯವರ ಸ್ಕೂಟರ್ ಎಂದಿನಂತೆ ಸ್ಟಾರ್ಟ್ ಆಗಲಿಲ್ಲ. ನನಗೆ ಸಿಟ್ಟು ಬಂತು. ಇವೆಲ್ಲ ಇವತ್ತೊಂದು ದಿನವಾದರೂ ನಾಚಿಕೆಯಿಂದ ಸುಮ್ಮನಿರಬಹುದಿತ್ತು.

ಅಳು ಬಂದಿರಲಿಲ್ಲ. ನನ್ನ ಗಂಡನ ಬೈಕಿಗೆ ಲಾರಿ ಗುದ್ದಿದೆ ಎಂದು ಫೋನ್ ಬಂದ ಗಳಿಗೆಯಿಂದ ನನ್ನೊಳಗೆ ಏನೂ ಬರುತ್ತಿರಲಿಲ್ಲ. ಹಾಗಾಗಿ ಆ ಸಿಟ್ಟನ್ನು ಸ್ವಲ್ಪ ಆಶ್ಚರ್ಯದಿಂದಲೇ ನೋಡಿಕೊಂಡೆ.

ಬೆಲ್ ಆಯಿತು. ಭಾವ, ಅವನ ಅಣ್ಣ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು.

"ನೋಡಮ್ಮ, ನಿಮ್ಮ ಕ್ಯಾಂಪರ್ ಟ್ರೇಲರ್ ತಗೊಳ್ಳೋಕೆ ಒಬ್ರು ಸಿಕ್ಕಿದ್ದಾರೆ. ಸಂಜೆ ಬರ್ತಾರೆ. ಮನೆ ಮುಂದೆ ಅದು ಕಣ್ಣಿಗೆ ಬೀಳ್ತಾ ಇದ್ರೆ ನಿನಗೂ ಸಂಕಟ."

"ಹೂಂ."

"ಒಬ್ಬಳೇ ಅದನ್ನ ಎಳ್ಕೊಂಡು ಎಲ್ಲಿಗೆ ಹೋಗ್ತೀಯ, ಅಲ್ವಾ?"

"ಹೂಂ."

ಈಚೆಗೆ ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ. ಅದರಿಂದ ಜನ ಬೇಗ ಹೊರಟುಹೋಗುತ್ತಾರೆ.

"ಹಾಗೇ ಅದರ ನೀರಿನ ಟ್ಯಾಂಕ್ ಒಂದ್ಸಲ ತೊಳೆದಿಟ್ಟಿರು. ಅದನ್ನ ಕೇಳಿಯೇ ಅವರು ಮನಸ್ಸು ಮಾಡಿದ್ದು." ಭಾವನ ದನಿಯಲ್ಲಿ ಹೆಮ್ಮೆಯಿತ್ತು. ಟ್ಯಾಂಕ್ ಜೋಡಿಸಿದವರು ಅವರೇ.

ಆ ಟ್ಯಾಂಕು!

ಎರಡು ವರ್ಷದ ಹಿಂದೆ, ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ ಬೇಕಾದಲ್ಲಿ ಅಡುಗೆ ಮಾಡಿ ಮಲಗಬಹುದಾದ ಈ ಟ್ರೇಲರ್ ತಂದಾಗ ನಾವು ಜಗಳವಾಡಿದ್ದು ಎಲ್ಲಿಗೆ ಹೋಗಬೇಕೆಂದಲ್ಲ, ಕುಡಿಯುವ ನೀರನ್ನು ಹೇಗೆ ಒಯ್ಯಬೇಕೆಂದು. ಅವನಿಗೆ ಟ್ಯಾಂಕ್ ಬೇಕು. ನೆಲದಡಿಯಲ್ಲಿ, ಚಕ್ರಗಳ ನಡುವೆ ಕೂತರೆ ಭಾರ ಕೆಳಗಿರುತ್ತದೆ, ತಿರುವಿನಲ್ಲಿ ಗಾಡಿ ಓಲಾಡುವುದಿಲ್ಲ, ನಲ್ಲಿ ತಿರುಗಿಸಿದರೆ ನೀರು. ನನಗೆ ಕ್ಯಾನ್ ಬೇಕು.

"ಟ್ಯಾಂಕಿನೊಳಗೆ ಕೈ ಹಾಕಿ ಉಜ್ಜೋಕಾಗುತ್ತಾ? ಒಂದು ಕ್ಯಾನಿನ ನೀರು ಕೆಟ್ಟರೆ ಇನ್ನೊಂದಿರುತ್ತೆ. ಟ್ಯಾಂಕಿಂದು ಕೆಟ್ಟರೆ?"

"ಎಂಎಸ್ಸಿ ಮೇಡಂ, ಕ್ಯಾನ್ ಹೊರೋನು ನಾನು. ಸೊಂಟ ನಂದು."

"ಪ್ಲಾಸ್ಟಿಕ್ ವಾಸನೆ ಕುಡಿಯೋಳು ನಾನು. ಮೂಗು ನಂದು."

"ಆ ಮೂಗನ್ನ ಸ್ವಲ್ಪ ಮನೇಲಿಟ್ಟು ಬಾರೇ."

ಹಾಗೆಂದವನು ನನ್ನ ಮೂಗನ್ನೇ ನೋಡುತ್ತ ನಿಂತ. ಬೇರೊಬ್ಬರ ಮೂಗನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡುವವರು ಜಗಳವಾಡುತ್ತಿದ್ದಾರೆಂದು ಯಾರೂ ನಂಬುವುದಿಲ್ಲ. ನಾನು ಮುಖ ತಿರುಗಿಸಿಕೊಂಡೆ. ಕಿವಿ ಬಿಸಿಯಾಗಿತ್ತು.

ಭಾವ ಸಹಾಯಕ್ಕೆ ಬಂದರು. ಟ್ಯಾಂಕ್ ಕೂತಿತು.

ಮೊದಲ ಟ್ರಿಪ್ಪಿನಲ್ಲಿ, ಹೊಳೆಯ ಪಕ್ಕದಲ್ಲಿ, ಅವನೇ ಲೋಟ ತುಂಬಿ ತಂದುಕೊಟ್ಟ. "ಕುಡಿ. ಟ್ಯಾಂಕಿಂದು."

ಮೂಸಿದೆ. ಕುಡಿದೆ. ತಣ್ಣಗೆ, ತಿಳಿಯಾಗಿತ್ತು.

"ಪ್ಲಾಸ್ಟಿಕ್ ವಾಸನೆ?"

"ಇಲ್ಲ."

"ಏನಂದ್ರಿ? ಕೇಳಿಸ್ಲಿಲ್ಲ."

"ಇಲ್ಲ ಅಂದೆನಲ್ಲ!"

ಅವನು ಕುಣಿಯಲಿಲ್ಲ. ಲೋಟದೊಳಗೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಓರೆ ನಗೆ ನಕ್ಕು ಹೊಳೆಯ ಕಡೆ ತಿರುಗಿದ. ಸೋತವಳ ಮೇಲಿನ ಕರುಣೆ ಎಂದುಕೊಂಡೆ. ಊರಿಗೆ ಬಂದ ಮೇಲೆ ಭಾವನ ಮನೆಯ ಊಟದ ಟೇಬಲ್ಲಿನಲ್ಲಿ, ಎಲ್ಲರ ಎದುರು, "ಸೋತೆ, ಟ್ಯಾಂಕೇ ಸರಿ" ಎಂದು ಒಪ್ಪಿಕೊಂಡೆ. ಭಾವ ಟೇಬಲ್ ಕುಟ್ಟಿದರು. ಆಮೇಲೆ ಆ ಮನೆಯಲ್ಲಿ ಯಾವ ವಾದ ಎದ್ದರೂ ಯಾರಾದರೊಬ್ಬರು ನನ್ನ ಮೂಗಿನ ಮಾತೆತ್ತುತ್ತಿದ್ದರು.

ಅಂದಿನಿಂದ ಯಾವ ಟ್ರಿಪ್ಪಿನಲ್ಲೂ ಅವನು ನನ್ನನ್ನು ನೀರಿಗೆ ಏಳಗೊಡಲಿಲ್ಲ. "ಕೂತಿರು, ಗ್ಯಾಸ್ ನೋಡ್ಕೊಂಡು ಹಾಗೇ ನೀರೂ ತರ್ತೀನಿ." ಟೀ ಕೂಡ ಅವನದೇ. ಇಂಥ ಗಂಡ ಯಾರಿಗಿದ್ದಾನೆಂದು ಗೆಳತಿಯರ ಮುಂದೆ ಬೀಗಿದ್ದೆ.

ಭಾವ ಹೋದ ಮೇಲೆ ಟ್ಯಾಂಕ್ ತೊಳೆಯಲು ಹೋದೆ. ಟ್ರೇಲರಿನ ಹಿಂಭಾಗದ ಅಡುಗೆ ಕಟ್ಟೆಯನ್ನು ಹೊರಗೆಳೆದು ನಲ್ಲಿ ತಿರುಗಿಸಿ, ಮಗ್ಗಿಗೆ ಹಿಡಿದು ಒಂದು ಗುಟುಕು ಬಾಯಿಗೆ ಹಾಕಿಕೊಂಡೆ.

ಉಗಿದೆ. ಹೊಸ ಪ್ಲಾಸ್ಟಿಕ್ ಬಕೆಟ್ಟನ್ನು ಬಿಸಿಲಿನಲ್ಲಿಟ್ಟು ನೆಕ್ಕಿದ ಹಾಗಿತ್ತು.

ನಿಂತ ನೀರು, ಇರಬಹುದು ಎಂದುಕೊಂಡೆ. ಪೂರ್ತಿ ಖಾಲಿ ಮಾಡಿ, ತೊಳೆದು, ಮನೆಯ ನೀರು ತುಂಬಿಸಿ, ಮಧ್ಯಾಹ್ನದವರೆಗೆ ಬಿಟ್ಟು ಮತ್ತೆ ರುಚಿ ನೋಡಿದೆ. ಅದೇ ಬಕೆಟ್ಟು. ಹಾಗಾದರೆ ಎರಡು ವರ್ಷ ನಾನು ಕುಡಿದದ್ದು ಏನು?

ಕೊಳ್ಳುವವರು ಬರುವ ಮೊದಲು ಗ್ಯಾಸ್ ಸಿಲಿಂಡರ್ ತೆಗೆದಿಡಬೇಕಿತ್ತು. ಅದು ಟ್ರೇಲರಿನ ಮೂತಿಯ ಪೆಟ್ಟಿಗೆಯಲ್ಲಿರುತ್ತದೆ. ಬೀಗದ ಕೈ ಯಾವಾಗಲೂ ಅವನ ಗೊಂಚಲಿನಲ್ಲಿ. ತೆರೆದೆ. ಸಿಲಿಂಡರಿನ ಪಕ್ಕ, ಕಳೆದುಹೋಯಿತೆಂದು ನಾನು ಮನೆಯೆಲ್ಲ ಹುಡುಕಿದ್ದ ಕಂಬಳಿ. ಕಂಬಳಿಯೊಳಗೆ ಸ್ಟೀಲಿನ ಹಾಲಿನ ಕ್ಯಾನು, ಕುತ್ತಿಗೆಗೆ ಕೆಂಪು ಬಣ್ಣದ ಪಟ್ಟೆ. ಮುಚ್ಚಳ ತೆಗೆದೆ. ತಳದಲ್ಲಿ ಒಂದಿಷ್ಟು ನೀರು. ಮೂಗಿಟ್ಟೆ.

ಯಾವ ವಾಸನೆಯೂ ಇಲ್ಲ.

"ಕಳ್ಳ," ಎಂದೆ, ಕ್ಯಾನಿಗೆ.

ಮೋಸದಿಂದ ನನ್ನ ಬಾಯಲ್ಲಿ ಸೋಲು ಹೇಳಿಸಿದ. ಎಲ್ಲರೂ ನನ್ನ ಮೂಗನ್ನು ಆಡಿಕೊಂಡು ನಗುವಾಗ ತಾನೂ ತಟ್ಟೆ ನೋಡಿಕೊಂಡು ನಕ್ಕ. ಕೊನೆಗೆ ಒಂದು ಮಾತೂ ಹೇಳದೆ ಎದ್ದು ಹೋಗೇಬಿಟ್ಟ. ಈಗ ನಾನು ಯಾರ ಕಾಲರ್ ಹಿಡಿದು ಕೇಳಬೇಕು?

ಸಂಜೆ ಭಾವ ಒಬ್ಬರೇ ಮುಂಚಿತವಾಗಿ ಬಂದರು. ನಾನು ಲೋಟ ಚಾಚಿದೆ.

"ಕುಡೀರಿ ಭಾವ. ಟ್ಯಾಂಕಿಂದು."

ಕುಡಿದರು. ಮುಖ ಕಿವುಚಿದರು. "ಏನಮ್ಮ ಇದು! ನಾಲಿಗೆಗೆ ಪೈಪ್ ಸುತ್ತಿದ ಹಾಗಿದೆ."

"ನೀವೇ ಕೂರಿಸಿದ್ದು."

"ಎರಡು ವರ್ಷ ಇದನ್ನೇ ಕುಡಿದ್ರಾ?"

"ನಾನು ಕುಡಿದಿಲ್ಲ. ನನಗೆ ಕದ್ದು ಕ್ಯಾನಿನ ನೀರು ಕೊಡ್ತಿದ್ದ, ನಿಮ್ಮ ತಮ್ಮ." ಪೆಟ್ಟಿಗೆ ತೋರಿಸಿದೆ.

ಭಾವ ಬಗ್ಗಿ ಕ್ಯಾನಿನೊಳಗೆ ಇಣುಕಿದರು. ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಮತ್ತೆ ಅವನು ಏನು ಕುಡೀತಿದ್ದ?"

ಅದು ನನಗೆ ಹೊಳೆದೇ ಇರಲಿಲ್ಲ.

"ಅವರಿಗೆ ಬರಬೇಡಿ ಅಂತ ಫೋನ್ ಮಾಡಿ, ಭಾವ. ಟ್ರೇಲರ್ ಮಾರಲ್ಲ."

"ಬೆಳಿಗ್ಗೆ ಹೂಂ ಅಂದೆಯಲ್ಲಮ್ಮ!"

"ಬೆಳಿಗ್ಗೆ ನಾನು ಏನಕ್ಕೆ ಹೂಂ ಅಂದೆ ಅಂತ ನನಗೇ ಗೊತ್ತಿಲ್ಲ. ಅವನ ಜೊತೆ ನನ್ನ ಜಗಳ ಮುಗಿದಿಲ್ಲ. ನಿಮ್ಮ ಟ್ಯಾಂಕ್ ಬೇಕಾದ್ರೆ ಬಿಚ್ಕೊಂಡು ಹೋಗಿ."

ಅವರು ಬಯ್ಯಲಿಲ್ಲ. ಫೋನ್ ತೆಗೆದುಕೊಂಡು ಆಚೆ ಹೋದರು.

ಕೆಂಪು ಪಟ್ಟೆಯ ಕ್ಯಾನುಗಳು ನಮ್ಮ ಬೀದಿಯ ತಿರುವಿನ ಹಾಲಿನಂಗಡಿಯವು. ಉಳಿದಿದ್ದ ನೀರನ್ನು ಗಿಡಕ್ಕೆ ಸುರಿದು, ಕ್ಯಾನ್ ತೊಳೆದು ಹೊರಟೆ. ದಾರಿಯುದ್ದಕ್ಕೂ ಅವನಿಗೆ ಬೈದೆ. ನನಗೆ ಗೊತ್ತಿದ್ದ ಬೈಗುಳ ಅಂಗಡಿ ತಲುಪುವಷ್ಟೂ ಇರಲಿಲ್ಲ.

"ಬಾಮ್ಮ," ಎಂದಳು ಅಂಗಡಿಯ ಅಕ್ಕ. ಎಲ್ಲರೂ ಹೇಳುವ ಸಮಾಧಾನದ ಮಾತು ಅವಳ ಬಾಯಿಗೂ ಬಂದಿತ್ತು. ಅಷ್ಟರಲ್ಲಿ ನಾನು ಕ್ಯಾನನ್ನು ಕಟ್ಟೆಯ ಮೇಲಿಟ್ಟೆ.

"ಇದು ನಿಮ್ಮದಾ ಅಕ್ಕ?"

"ನಮ್ಮದೇ. ಒಂದು ಸಲಕ್ಕೆ ಅಂತ ಇಸ್ಕೊಂಡ, ವಾಪಸ್ ಕೊಡಲೇ ಇಲ್ಲ. ಪ್ರತಿ ಟ್ರಿಪ್ಪಿಗೂ ನಮ್ಮ ಫಿಲ್ಟರಿನಿಂದ ತುಂಬಿಸ್ಕೊಂಡು ಹೋಗೋನು. ಆಚೆ ಈಚೆ ನೋಡ್ಕೊಂಡು. ಹೆಣ್ಣು ಓಡಿಸ್ಕೊಂಡು ಹೋಗೋನ ಹಾಗೆ!"

"ಯಾಕೆ ಅಂತ ಕೇಳಲಿಲ್ವಾ?"

"ಕೇಳದೆ ಬಿಡ್ತೀನಾ? ಟ್ಯಾಂಕಿನ ನೀರು ಬಾಯಿಗಿಡೋಕಾಗಲ್ಲ ಅಕ್ಕ, ಅಣ್ಣ ರಜಾ ದಿನವೆಲ್ಲ ಗಾಡಿ ಅಡಿ ಮಲಗಿ ಕೂರಿಸಿದ್ದಾನೆ, ಹೇಳಿದ್ರೆ ನೊಂದ್ಕೊಳ್ತಾನೆ ಅಂದ."

"ನನಗೆ ಹೇಳಬಹುದಿತ್ತಲ್ಲ!"

"ನಿನಗೆ ಹೇಳಿದ್ರೆ ಮಾರನೇ ದಿನ ಅಣ್ಣನ ಮನೇಲಿ ಡಂಗುರ ಅಂದ."

ನಿಜ. ಖಂಡಿತ ಸಾರುತ್ತಿದ್ದೆ.

"ಅವನು ಏನು ಕುಡೀತಿದ್ದ ಅಕ್ಕ?"

ಅವಳು ಬಟ್ಟೆಯಿಂದ ಕಟ್ಟೆ ಒರೆಸತೊಡಗಿದಳು. "ಟ್ಯಾಂಕಿಂದೇ. ಕ್ಯಾನಿಂದು ಅವಳಿಗೆ, ಅವಳ ಟೀಗೆ, ಇಬ್ಬರಿಗೆ ಸಾಲಲ್ಲ ಅಂದ. ನಾನು ಬೈದೆ. ಅಭ್ಯಾಸ ಆಗಿದೆ ಅಕ್ಕ, ಅಂತ ನಕ್ಕ."

ಎರಡು ವರ್ಷ. ನನ್ನ ಎದುರಿಗೆ ಕೂತು, ನನ್ನ ಕಣ್ಣನ್ನೇ ನೋಡುತ್ತ, ಆ ಬಕೆಟ್ಟಿನ ನೀರನ್ನು ಗಟಗಟ ಕುಡಿದು ಆಹಾ ಎನ್ನುತ್ತಿದ್ದ.

"ಇನ್ನೊಂದು ಕ್ಯಾನ್ ಇಸ್ಕೊಳ್ಳೋಕೆ ಏನಾಗಿತ್ತು ಅವನಿಗೆ?" ನಾನು ಕೂಗಿದೆ. ಹಾಲಿಗೆ ಬಂದವರು ತಿರುಗಿ ನೋಡಿದರು. "ಇಲ್ಲೇ ಸಾಲಾಗಿ ಇಟ್ಟಿದ್ದೀರಲ್ಲ ಅಕ್ಕ! ಒಂದು ಮಾತು ಕೇಳಿದ್ರೆ ಕೊಡ್ತಿದ್ರಲ್ಲ! ಇಂಥ ದಡ್ಡನನ್ನ ನೀವು ಎಲ್ಲಾದರೂ ನೋಡಿದ್ದೀರಾ?"

"ಇಲ್ಲಮ್ಮ," ಎಂದು ಅಕ್ಕ ಅದೇ ಬಟ್ಟೆಯಿಂದ ನನ್ನ ಮುಖ ಒರೆಸಿದಳು. ಮುಖ ಒದ್ದೆಯಾಗಿದೆಯೆಂದು ಆಗಲೇ ಗೊತ್ತಾದದ್ದು. "ಗೆದ್ದೋಳು ಅವಳೇ ಅಕ್ಕ, ಅವಳಿಗೆ ಗೊತ್ತಾಗಬಾರದು ಅಷ್ಟೆ, ಅಂತಿದ್ದ. ಆ ಮೂಗನ್ನ ನೋಡ್ತಾ ಇದ್ರೆ ಎಂಥ ನೀರೂ ಇಳಿಯುತ್ತೆ ಅಂತಿದ್ದ. ಇದನ್ನ ನೀನೇ ಇಟ್ಕೋ."

"ಬೇಡ. ಅವನು ಕಡ ತಂದದ್ದು. ನಾನು ನನ್ನದೇ ಕ್ಯಾನ್ ತಗೊಂಡು ಟ್ರಿಪ್ಪಿಗೆ ಹೊರಡ್ತೀನಿ."

ಕ್ಯಾನಿಗೆ ಎರಡು ಹಿಡಿ. ಕಟ್ಟೆಯ ಆ ಕಡೆಯಿಂದ ಅಕ್ಕ ಒಂದನ್ನು ಹಿಡಿದಳು. ಇನ್ನೊಂದು ನನ್ನ ಕೈಯಲ್ಲಿತ್ತು. ಹಾಲಿಗೆ ಬಂದವರು ಗೊಣಗದೆ ಕಾದರು.

"ಬಿಡಮ್ಮ," ಎಂದಳು ಅವಳು, ತುಂಬ ಮೆಲ್ಲಗೆ.

ಸ್ವಲ್ಪ ಹೊತ್ತಿನ ಮೇಲೆ ಬಿಟ್ಟೆ.