ಆಯುರ್ಮಾಪಕ ಕಲಿತ ಪಾಠ

ನೀರಿನ ತೊಟ್ಟಿಯಲ್ಲಿ ಜಿರ್ಕೋನಿಯಂ ಕೊಳವೆ ಗಿರ್ರನೆ ತಿರುಗಿತು. ಅಣುಸ್ಥಾವರದಲ್ಲಿ ಯುರೇನಿಯಂ ಬಿಲ್ಲೆಗಳನ್ನು ಒಳಗಿಟ್ಟುಕೊಂಡು ಕಾಯುವ ಕವಚ ಅದು. ಆಯುರ್ಮಾಪಕ ಯಂತ್ರ ಅದರ ಮೇಲೆ ಕಿವಿಗೆ ಕೇಳದ ಶಬ್ದ ಹಾಯಿಸಿ, ಮರುದನಿ ಆಲಿಸಿ, ಕವಚ ಎಷ್ಟು ಕಾಲ ಬಾಳುತ್ತದೆಂದು ಹೇಳಿತು: ಹನ್ನೊಂದು ತಿಂಗಳು.

ಬೇಕಾದದ್ದು ಅರವತ್ತು. ಯಂತ್ರ ಕಂಡುಹಿಡಿದ ನಾಗವೇಣಿ ಹರಿಕಂತ್ರ ‘ತೆಗೆದುಹಾಕಿ’ ಎನ್ನುವಷ್ಟರಲ್ಲಿ, ಕರಾವಳಿಯ ಆ ಕಾರ್ಖಾನೆಯ ಹಳೆಯ ಪರೀಕ್ಷಕ ಬೊಮ್ಮು ಗೌಡರು ಕೊಳವೆಯನ್ನು ಒರೆಸಿ, ತಿರುವಿ, ಮತ್ತೆ ಮುಳುಗಿಸಿದ್ದರು. ಈ ಸಲ ಎಪ್ಪತ್ತು ತಿಂಗಳು!

ನಾಗವೇಣಿ ಎರಡೂ ಅಂಕಿಗಳನ್ನು ಮತ್ತೆ ನೋಡಿದಳು. ಬಟ್ಟೆಯಲ್ಲಿ ಒರೆಸಿದರೆ ಐದು ವರ್ಷ ಆಯುಸ್ಸು ಹೆಚ್ಚುವುದಾದರೆ ಊರಿನ ವೈದ್ಯರೆಲ್ಲ ಅಂಗಡಿ ಮುಚ್ಚಬೇಕಿತ್ತು.

“ಯಾಕೆ ಒರೆಸಿದ್ರಿ, ಗೌಡ್ರೆ?”

“ಗಾಳಿಗುಳ್ಳೆ ಅಂಟ್ಕಂಡಿರ್ತದೆ ಅಕ್ಕೋರೆ. ಅದೂ ಬಿರುಕಿನ ಹಾಂಗೇ ಸದ್ದು ಮಾಡ್ತದೆ. ಒರ್ಸಿ ಓಡ್ಸೂದು.”

“ಆಗ್ಲೂ ಸರಿ ಬರದಿದ್ರೆ?”

“ಮತ್ತೊಂದ್ಸಲ ಒರ್ಸೂದು. ನಾ ಕೆಲ್ಸಕ್ಕೆ ಸೇರಿದಾಗಿಂದ ಹಿಂಗೇಯ.”

“ಮೊದಲಿನ ಪರೀಕ್ಷೆ ದಾಖಲೆಯಲ್ಲಿ ಇಲ್ವಾ?”

“ಸರಿ ಬಂದದ್ದನ್ನ ಬರ್ಯೂದಪ್ಪ! ಗುಳ್ಳೆ ಲೆಕ್ಕ ಯಾರಿಗೆ ಬೇಕು?”

ಅವಳು ಕೊಳವೆಯನ್ನು ಕೊಯ್ದೇ ನೋಡಿದಳು. ಕೂದಲೆಳೆಯ ಓರೆ ಬಿರುಕು ಇತ್ತು. ತಿರುವಿ ಇಟ್ಟಾಗ ಶಬ್ದ ಅದರ ಮೇಲಿಂದ ಜಾರಿ, ಮರುದನಿ ಕ್ಷೀಣವಾಗಿತ್ತು. ಕ್ಷೀಣ ಮರುದನಿಗೆಲ್ಲ ‘ಉತ್ತಮ’ ಎಂದು ಬರೆದ ಇದೇ ಕಾರ್ಖಾನೆಯ ದಾಖಲೆಗಳಿಂದಲೇ ಅವಳು ಆಯುರ್ಮಾಪಕಕ್ಕೆ ಪಾಠ ಹೇಳಿದ್ದಳು. ಗುರುವಿಗೆ ತಕ್ಕ ಶಿಷ್ಯ.

ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಈ ಯಂತ್ರವನ್ನು ನಂಬಿ ಉಳಿದ ಪರೀಕ್ಷೆಗಳನ್ನೆಲ್ಲ ಕೈಬಿಟ್ಟ ನಾಲ್ಕು ಸ್ಥಾವರಗಳು ಈಗಲೂ ನಡೆಯುತ್ತಿದ್ದವು. ಬಾಯಿಬಿಟ್ಟರೆ ಹದಿನಾಲ್ಕು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದಂತೆ. ಅವಳಿಗೆ ಭಯವಾಯಿತು, ನಾಚಿಕೆ ಅದಕ್ಕಿಂತ ಹೆಚ್ಚಾಯಿತು.

“ನಂದೇ ತಪ್ಪಾಯ್ತೇನ್ರೀ?” ಗೌಡರ ದನಿ ಸೋತಿತ್ತು.

“ನಿಮ್ಮನ್ನ ಒಂದು ಮಾತೂ ಕೇಳದೆ ಕಲಿಸಿದವಳು ನಾನು,” ಎಂದು ಫೋನ್ ಎತ್ತಿಕೊಂಡಳು. “ನಾಲ್ಕೂ ಸ್ಥಾವರ ನಿಲ್ಲಿಸಿ. ಹೌದು, ನನ್ನ ಯಂತ್ರ ತಪ್ಪು.”

ಆಮೇಲೆ, ಈ ರೂಢಿ ಎಂದಿನಿಂದ ಎಂದು ಹುಡುಕುತ್ತಾ ಅವಳು ದಾಖಲೆಗಳ ಬುಡಕ್ಕೆ ಹೋದಳು. ಮೊದಲ ಪುಟದಲ್ಲಿ 2026ರ ಒಂದು ಸೋಮವಾರ; ಕೊಳವೆಯ ಸಂಖ್ಯೆ, ಎದುರಿಗೆ ‘ಉತ್ತಮ’. ಬರೆದವರು ಕೆಟ್ಟವರೇನಲ್ಲ, ಅವಸರದಲ್ಲಿದ್ದರು. ಮೂವತ್ತೆರಡು ವರ್ಷ ಕಳೆದು ಒಂದು ಯಂತ್ರ ಆ ಸಾಲನ್ನು ಓದಿ ಅಕ್ಷರಶಃ ನಂಬುತ್ತದೆಂದು ಆ ದಿನ ಅವರಿಗೆ ಹೇಳುವವರು ಯಾರೂ ಇರಲಿಲ್ಲ.