ಸೆಂಟು ಹಾಕಿಕೊಂಡ ಮಳೆನೀರು

"ಇಳಿಯೋ ಕೆಳಗೆ! ಇಲ್ದಿದ್ರೆ ಸುಟ್ಟುಬಿಡ್ತೀನಿ!"

ಬಂದೂಕಿನ ಮೂತಿ ನನ್ನ ಕಡೆಗಿತ್ತು... ಅಂದಾಜಿನ ಮೇಲೆ. ಬೆಟ್ಟದ ನೆತ್ತಿಯ ಮಂಜಿನಲ್ಲಿ ಕಾವಲುಗಾರನಿಗೆ ಕಾಣುತ್ತಿದ್ದುದು ಏಣಿಯ ಬುಡ ಮಾತ್ರ. ತುದಿಯಲ್ಲಿ ನಾನು. ನನ್ನ ಮುಂದೆ ಒಂದು ಆಲಿಕೆ, ಅದರಡಿ ಒಂದು ಬಾಟಲಿ ಮಳೆನೀರು.

ನೀವೇ ಹೇಳಿ, ಮಳೆನೀರು ಕದಿಯಲು ಬಂದು ಸಾಯುವುದೆಂದರೆ ಮರ್ಯಾದೆಯೇ!

ಕಳಿಸಿದವನು ಧಣಿ. ಬಯಲಿನಲ್ಲಿ ಅವನದು ಕೀಟನಾಶಕದ ಫ್ಯಾಕ್ಟರಿ. ಬೆಟ್ಟದಲ್ಲಿ ಅವನದೇ ಚಿಲುಮೆಯ 'ಶಿಖರಾಮೃತ' ಬಾಟಲಿ ನೀರು. ಒಂದು ಕೈಯಲ್ಲಿ ವಿಷ, ಇನ್ನೊಂದರಲ್ಲಿ ಅಮೃತ... ಎರಡೂ ಜೇಬು ಭರ್ತಿ!

ಇಲ್ಲಿನ ಲ್ಯಾಬಿನ ವಿಜ್ಞಾನಿ ಮೇಡಂಗೆ ಒಂದೇ ಹಟ. ಫ್ಯಾಕ್ಟರಿಯ ವಿಷ ಬಿಸಿಲಿಗೆ ಆವಿಯಾಗಿ ಮೇಲೇರುತ್ತದೆ, ಬೆಟ್ಟದ ಚಳಿ ತಾಗಿ ಮಳೆಯೊಂದಿಗೆ ಇಳಿಯುತ್ತದೆ ಎಂದು ಸಾಬೀತು ಮಾಡುವುದು. ಮೂರು ವರ್ಷದ ದುಡಿಮೆ. ಈ ಬಾಟಲಿಯಲ್ಲಿ ವಿಷ ಸಿಕ್ಕರೆ ಫ್ಯಾಕ್ಟರಿಗೆ ಬೀಗ. ಸಿಗದಿದ್ದರೆ ಮೇಡಂ ಲ್ಯಾಬಿಗೆ ಬೀಗ.

"ಒಳಗಿನ ನೀರು ಬದಲಾಗ್ಬೇಕು," ಎಂದಿದ್ದ ಧಣಿ. "ಇಲ್ದಿದ್ರೆ ನಿನ್ನ ಮುಖ ಬದಲಾಗುತ್ತೆ."

"ಯಾವ ನೀರು ತುಂಬ್ಸಲಿ, ಧಣಿ?"

"ಶುದ್ಧವಾದ್ದು ಕಣಯ್ಯಾ! ನಮ್ದೇ ಇದೆಯಲ್ಲ!"

ಏಣಿಯ ಬುಡದಲ್ಲಿ ಬೋರ್ಡಿತ್ತು: ಸಿಗರೇಟು, ಪೌಡರು, ಸೆಂಟು ನಿಷಿದ್ಧ. ಇದೇನು ಹಾಸ್ಟೆಲ್ಲೇ ಎಂದು ನಕ್ಕಿದ್ದೆ. ಅಂಗಿಗೊಂದು, ಕರವಸ್ತ್ರಕ್ಕೊಂದು, ಎರಡು ಪುಸ್ಸು ಸೆಂಟು ಹೊಡೆಯದೆ ನಾನು ಕೆಲಸಕ್ಕಿಳಿಯುವವನಲ್ಲ. ಕಳ್ಳತನಕ್ಕೂ ಒಂದು ಡ್ರೆಸ್ ಕೋಡ್ ಬೇಡವೇ?

"ಮೂರು ಎಣಿಸ್ತೀನಿ! ಒಂದು..."

ಮಿಮಿಕ್ರಿ ನನ್ನ ಪಿಸ್ತೂಲು. ಹಿಂದಿನ ದಿನವೇ ಪತ್ರಕರ್ತನ ಸೋಗಿನಲ್ಲಿ ಫೋನ್ ಮಾಡಿ ಮೇಡಂ ದನಿ ಕಲಿತಿದ್ದೆ.

"ಅಣ್ಣಾ, ನಾನು ಕಣಣ್ಣಾ! ಬಾಟಲಿ ನೋಡೋಕೆ ಹತ್ತಿದೀನಿ. ಹೋಗಿ ಒಂದು ಟೀ ಇಡಿ."

"ಅಯ್ಯೋ, ಮೇಡಮ್ಮಾವ್ರೇ! ಸಕ್ಕರೆ ಎಷ್ಟು?"

"ಅರ್ಧ ಚಮಚ."

ಹೋದ! ಮಳೆನೀರು ಚೆಲ್ಲಿದೆ. ಶಿಖರಾಮೃತ ಸುರಿದೆ. ಕರವಸ್ತ್ರದಿಂದ ಬಾಟಲಿಯ ಬಾಯಿಯನ್ನು ಚೆನ್ನಾಗಿ ಒರೆಸಿದೆ. ಬೆರಳಚ್ಚು ಬಿಡುವಷ್ಟು ದಡ್ಡನೇ ನಾನು?

ಅಷ್ಟರಲ್ಲಿ ಲ್ಯಾಬಿನ ಕೋಣೆಯಿಂದ ಕಾವಲುಗಾರನ ಕೂಗು...

"ಮೇಡಂ! ನೀವು ಇಲ್ಲೇ ಇದೀರಾ?! ಹಂಗಾದ್ರೆ ಅಲ್ಲಿರೋದು..."

ಢಂ!

ಹಾರಿದೆ. ಉರುಳಿದೆ. ಪ್ಯಾಂಟಿನ ಹಿಂಭಾಗವನ್ನು ಬೆಟ್ಟಕ್ಕೆ ದಾನ ಮಾಡಿ ರಸ್ತೆ ತಲುಪಿದೆ.

"ನರಪಿಳ್ಳೆಗೂ ಗೊತ್ತಾಗಿಲ್ಲ ಧಣಿ!" ಎಂದು ವರದಿ ಒಪ್ಪಿಸಿದೆ.

ಒಂಬತ್ತನೇ ದಿನ ಫ್ಯಾಕ್ಟರಿಯ ಬಗ್ಗೆ ವಿಚಾರಣೆ. ಅಧಿಕಾರಿಗಳ ಮುಂದೆ ಸಾಲಾಗಿ ಶಿಖರಾಮೃತ... ಧಣಿಯ ಕೊಡುಗೆ. ಧಣಿಯೂ ಗಟಗಟ ಕುಡಿಯುತ್ತಿದ್ದ. ನಾನು ಹಿಂದಿನ ಸಾಲಿನಲ್ಲಿ, ಎರಡು ಪುಸ್ಸಿನೊಂದಿಗೆ.

ಮೇಡಂ ಬೆಟ್ಟದ ಬಾಟಲಿ ಹಿಡಿದು ಎದ್ದರು. "ಇದು ಮಳೆನೀರೇ ಅಲ್ಲ, ಸಾರ್."

"ನೋಡಿದ್ರಾ!" ಧಣಿ ನಕ್ಕ.

"ಮಳೇಲಿ ಇಷ್ಟು ಸುಣ್ಣದಂಶ ಇರಲ್ಲ. ಇದು ಬಂಡೆ ಸಂದೀಲಿ ಬಂದ ಚಿಲುಮೆ ನೀರು. ಅವತ್ತು ಏಣಿ ಹತ್ತಿದವನು ಸುರಿದು ಹೋಗಿದ್ದು." ಧಣಿಯ ಬಾಟಲಿಯತ್ತ ಬೆರಳು ತೋರಿಸಿದರು. "ಅಂಗಡಿಯಿಂದ ಇದನ್ನ ತಂದು ಹೋಲಿಸ್ದೆ. ಎರಡೂ ಒಂದೇ. ಕೀಟನಾಶಕ, ಮಿತಿಗಿಂತ ಏಳು ಪಟ್ಟು! ನಾನು ಹಿಡಿದಿದ್ದು ಒಂದೇ ಮಳೆ. ಇದ್ರಲ್ಲಿ ವರ್ಷಗಟ್ಟಲೆ ಇಂಗಿದ ಮಳೆ ಇದೆ. ಸುರಿದವ್ರಿಗೆ ಥ್ಯಾಂಕ್ಸ್."

ಧಣಿಯ ಗುಟುಕು ಬಾಯಲ್ಲೇ ನಿಂತಿತು. ನುಂಗುವಂತಿಲ್ಲ, ಉಗುಳುವಂತಿಲ್ಲ!

"ವ್ಯತ್ಯಾಸ ಒಂದೇ. ಬೆಟ್ಟದ ಬಾಟಲೀಲಿ ಸೆಂಟೂ ಇದೆ. ಗಂಡಸರದ್ದು. ಅಗ್ಗದ್ದು."

ಅಗ್ಗದ್ದೇ?! ನಾಲಿಗೆ ಕಚ್ಚಿಕೊಂಡೆ.

ಕಾವಲುಗಾರ ಸಾಲು ಹಿಡಿದು ಮೂಸುತ್ತಾ ಬಂದ. ನನ್ನ ಬಳಿ ನಿಂತ. ಹೆಗಲ ಮೇಲೆ ಕೈಯಿಟ್ಟ.

"ಮೇಡಮ್ಮಾವ್ರೇ," ಎಂದ ಕಿವಿಯಲ್ಲಿ, "ಟೀ ಆರೋಯ್ತು."

ಧಣಿ ಕೊನೆಗೂ ನುಂಗಿದ. ಮುಖ ಹುಳ್ಳಗಾಯಿತು. "ನೀರು... ಯಾರಾದ್ರೂ ಬೇರೆ ನೀರು ಕೊಡ್ರೋ!"

ಮೇಜಿನ ಮೇಲೆ ಹನ್ನೆರಡು ಬಾಟಲಿ. ಒಬ್ಬರೂ ಮುಟ್ಟಲಿಲ್ಲ.

ಜೇಬಿನಿಂದ ನನ್ನ ಸೆಂಟು ತೆಗೆದು ಮುಂದೆ ಚಾಚಿದೆ.

"ಇದನ್ನೇ ಕುಡೀರಿ, ಧಣಿ. ಇದ್ದಿದ್ರಲ್ಲಿ ಇದೇ ವಾಸಿ."